ಫೌಂಡ್ರಿಯ ಗಾಯಗಳ ಲೆಕ್ಕ: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ನಾನು ಹಾಜರಿ ಲೆಕ್ಕದ ಟೈಮ್ ಆಫೀಸ್ ನೋಡಿಕೊಳ್ಳುತ್ತಿದ್ದೆ. 1948ರ ಕಾರ್ಖಾನೆ ಕಾಯ್ದೆಯಂತೆ ಸಾವಿರ ಕಾರ್ಮಿಕರಿಲ್ಲದ ಘಟಕಕ್ಕೆ ಸುರಕ್ಷತಾಧಿಕಾರಿ ಸಾಮಾನ್ಯವಾಗಿ ಕಡ್ಡಾಯವಿರಲಿಲ್ಲವಾದ್ದರಿಂದ ಅಪಘಾತದ ರಿಜಿಸ್ಟರೂ ನನ್ನ ಮೇಜಿಗೇ ಬಂತು. ಹಿಂದಿನ ವರ್ಷ ದಾಖಲಾಗಿದ್ದ ಲಾಸ್ಟ್ ಟೈಮ್ ಗಾಯ, ಅಂದರೆ ಕೆಲಸ ತಪ್ಪಿಸುವಂಥ ಗಾಯ, ಒಂದೇ ಒಂದು. ಗಾಯಗಳ ದರಕ್ಕೆ ಇರುವ ಭಾರತೀಯ ಮಾನಕ ಐಎಸ್ 3786ರ ಸೂತ್ರದಂತೆ, ಕಾರ್ಮಿಕರು ದುಡಿದ ಹತ್ತು ಲಕ್ಷ ಗಂಟೆಗೆ ದರ ನಾಲ್ಕರ ಆಸುಪಾಸು. ಎರಕದ ಒರಟು ಅಂಚುಗಳನ್ನು ಉಜ್ಜಿ ತೆಗೆಯುವ ಫೆಟ್ಲಿಂಗ್ ವಿಭಾಗದಲ್ಲಿ ಒಂದು ದಿನ ನಿಂತವರು ಯಾರೂ ನಂಬಲಾರದ ಅಂಕಿ ಅದು.

ಅನುಮಾನ ಹುಟ್ಟಿಸಿದ್ದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಬ್ಯಾಂಡೇಜ್, ಸುಟ್ಟಗಾಯದ ಮುಲಾಮುಗಳ ಬಿಲ್ಲು ತಿಂಗಳಿಗೆ ಮೂರು ಬಾರಿ ನನ್ನ ಕೈಯಿಂದಲೇ ಪಾಸಾಗುತ್ತಿತ್ತು, ರಿಜಿಸ್ಟರಿನ ಪುಟ ಮಾತ್ರ ಖಾಲಿ. ಅಪಘಾತವಿಲ್ಲದ ತಿಂಗಳಿಗೆ ಕಾಯಂ ನೌಕರರು 110 ಜನರಿಗೂ ತಲೆಗೆ ₹300 ಬಹುಮಾನವಿದ್ದುದೇ ಇದಕ್ಕೆ ಕಾರಣ. ಕಣ್ಣಿಗೆ ಕಬ್ಬಿಣದ ಕಿಡಿ ಹೊಕ್ಕಿದ್ದ ಹುಡುಗನೊಬ್ಬ, ಜೊತೆಯವರ ಹಣ ತಪ್ಪೀತೆಂದು, ಊರಿನ ಜಾತ್ರೆಯ ನೆಪದಲ್ಲಿ ಮೂರು ದಿನ ರಜೆ ಬರೆಸಿ ಹೋಗಿದ್ದ. ವರ್ಷಕ್ಕೆ ಮೂರೂವರೆ ಲಕ್ಷ ಖರ್ಚು ಮಾಡಿ ನಾವು ಕೊಂಡದ್ದು ಮೌನವನ್ನು.

ಮೊದಲು ಸೂಪರ್‌ವೈಸರುಗಳಿಗೆ ದಿನವಹಿ ಫಾರಂ ಕೊಟ್ಟೆ. ಎಲ್ಲವೂ ‘ನಿಲ್’ ಎಂದು ಮರಳಿದವು. ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನು ಬರೆದು ಹಾಕಲು ಇಟ್ಟ ಡಬ್ಬಿಯಲ್ಲಿ ಕ್ಯಾಂಟೀನಿನ ಸಾಂಬಾರಿನ ಮೇಲಿನ ದೂರುಗಳೇ ತುಂಬಿದವು. ಕೊನೆಗೆ ಬಹುಮಾನವನ್ನು ನಿಲ್ಲಿಸಿ ಆ ಹಣವನ್ನು ಕನ್ನಡಕ, ಫೇಸ್ ಶೀಲ್ಡುಗಳಿಗೆ ತಿರುಗಿಸಿದೆ. 48 ಗಂಟೆ ಅಥವಾ ಹೆಚ್ಚು ಕೆಲಸ ತಪ್ಪಿಸಿದ ಗಾಯವನ್ನು ಕಾರ್ಖಾನೆ ಇಲಾಖೆಗೆ ತಿಳಿಸಬೇಕೆಂಬ ನಿಯಮವನ್ನೇ ಗಾಯದ ವ್ಯಾಖ್ಯೆಯೆಂದು ಹಿಂದಿನವರು ತಿಳಿದಿದ್ದರು; ನಾನು ಮರುದಿನದ ಪಾಳಿಗೆ ಬರಲಾಗದ ಪ್ರತಿಯೊಬ್ಬನನ್ನೂ ಎಣಿಸಿದೆ. ಸುಮಾರು 70 ಗುತ್ತಿಗೆ ಕಾರ್ಮಿಕರ ಗಾಯಗಳು ಅಂಶದಲ್ಲಿಯೂ ಇರಲಿಲ್ಲ, ಅವರ ಗಂಟೆಗಳು ಛೇದದಲ್ಲಿಯೂ ಇರಲಿಲ್ಲ. ಅವರ ಹಾಜರಿ ಪಟ್ಟಿಯಾದ ಮಸ್ಟರ್ ರೋಲ್ ತರಿಸಿ ಓಟಿ (ಹೆಚ್ಚುವರಿ ದುಡಿಮೆ) ಸಹಿತ ಎರಡನ್ನೂ ಸೇರಿಸಿದೆ. ಅವರು ಗಾಯವನ್ನು ನನಗೇ ನೇರವಾಗಿ ಹೇಳುವಂತೆ ಮಾಡಿದ ಏರ್ಪಾಡನ್ನು ಇಲ್ಲಿ ಬರೆಯಲಾರೆ, ಗುತ್ತಿಗೆದಾರರೂ ಓದುತ್ತಾರೆ.

ಆ ವರ್ಷ ಒಂಬತ್ತು ಗಾಯ, ಸುಮಾರು 4.3 ಲಕ್ಷ ಗಂಟೆ; ದರ ಇಪ್ಪತ್ತೊಂದರ ಹತ್ತಿರ. ‘ನೀವು ಕೈ ಹಾಕಿದ ಮೇಲೆಯೇ ಅಪಘಾತ ಹೆಚ್ಚಾದವಲ್ಲ’ ಎಂದು ಮಾಲೀಕರು ಸಿಡಿದರು, ಪಕ್ಕದ ಫೌಂಡ್ರಿಯ ದರ ಬರೀ ನಾಲ್ಕು ಎಂದೂ ಸೇರಿಸಿದರು. ಆ ಫೌಂಡ್ರಿಯವರು ವಿದೇಶಿ ಗ್ರಾಹಕರಿಗಾಗಿ ಹತ್ತು ಲಕ್ಷದ ಬದಲು ಎರಡು ಲಕ್ಷ ಗಂಟೆಗೆ ಲೆಕ್ಕ ಹಾಕುತ್ತಿದ್ದರು; ಒಂದೇ ಬಗೆಯ ಗಾಯಗಳನ್ನು ಎಣಿಸಿದ್ದರೆ ಅವರ ನಾಲ್ಕೂ ನಮ್ಮ ಲೆಕ್ಕದ ಇಪ್ಪತ್ತೂ ಒಂದೇ ಎಂದು ಕಾಗದದ ಮೇಲೆ ಬರೆದು ತೋರಿಸಬೇಕಾಯಿತು.

ನಮ್ಮಷ್ಟು ಚಿಕ್ಕ ಘಟಕದಲ್ಲಿ ಒಂದೇ ಗಾಯ ಆ ತಿಂಗಳ ದರವನ್ನು ಇಪ್ಪತ್ತೆಂಟರ ಹತ್ತಿರಕ್ಕೆ ಏರಿಸಿಬಿಡುತ್ತದೆಯಾದ್ದರಿಂದ ಹಿಂದಿನ ಹನ್ನೆರಡು ತಿಂಗಳ ಮೊತ್ತವನ್ನಷ್ಟೇ ಫಲಕಕ್ಕೆ ಏರಿಸಿದೆ. ಗಾಯಗಳಿಂದ ಕಳೆದುಹೋದ ದಿನಗಳನ್ನು ಎಣಿಸುವ ತೀವ್ರತೆಯ ದರವನ್ನೂ ಕೆಲಕಾಲ ಹಾಕಿ ನೋಡಿದೆ; ಒಂದು ಸಾವಿಗೆ 6000 ದಿನ ಹಿಡಿಯುವ ಆ ಲೆಕ್ಕ ನಮ್ಮ ಗಾತ್ರಕ್ಕೆ ಒಗ್ಗದೆ ಕೈಬಿಟ್ಟೆ. ಗಾಯದ ಹೊತ್ತನ್ನು ಗುರುತು ಹಾಕುತ್ತ ಹೋದದ್ದು ಮಾತ್ರ ಫಲ ಕೊಟ್ಟಿತು: ಕಣ್ಣಿನ ಗಾಯಗಳಲ್ಲಿ ಹೆಚ್ಚಿನವು ಓಟಿಯ ಹೊತ್ತಿನಲ್ಲಿ ಆಗಿದ್ದವು, ಫೆಟ್ಲಿಂಗಿನಲ್ಲಿ ಓಟಿಯನ್ನೇ ಕಡಿತಗೊಳಿಸಿದೆವು.

ಮೂರನೆಯ ವರ್ಷ ದರ ಏಳಕ್ಕೆ ಇಳಿಯಿತು. ಮತ್ತೆ ಮುಚ್ಚಿಡುತ್ತಿದ್ದಾರೆಯೇ ಎಂದು ಮಾಲೀಕರು ಕೇಳಿದಾಗ ನಾನು ಪೆಟ್ಟಿಗೆಯ ಬಿಲ್ಲುಗಳನ್ನು ಮುಂದಿಟ್ಟೆ. ಅವೂ ಅರ್ಧಕ್ಕಿಂತ ಕಡಿಮೆಯಾಗಿದ್ದವು. ಈಗ ಅವರು ಫಲಕಕ್ಕಿಂತ ಮೊದಲು ಬ್ಯಾಂಡೇಜಿನ ಬಿಲ್ಲನ್ನೇ ಕೇಳುತ್ತಾರೆ.