ಬಿಸಿಲಿಗೆ ಎರಡು ಅಂಕಣ: ತರಕಾರಿ ಬೆಳೆಗಾರನ ಅನುಭವ

ಬೇಸಾಯದ ದಿನಚರಿಯಲ್ಲಿ ಬಿಸಿಲಿಗೆ ಸಾಮಾನ್ಯವಾಗಿ ಒಂದೇ ಜಾಗವಿರುತ್ತದೆ, ಅಂದಿನ ಗರಿಷ್ಠ ಉಷ್ಣತೆಗೆ. ಕೆಲವು ವರ್ಷಗಳಿಂದ ನಾನು ಅದರ ಪಕ್ಕದಲ್ಲೇ ಇನ್ನೊಂದು ಅಂಕಣ ಗೆರೆ ಎಳೆದುಕೊಂಡು ಆ ದಿನದ ಯುವಿ ಸೂಚ್ಯಂಕವನ್ನೂ, ಅಂದರೆ ಬಿಸಿಲಿನಲ್ಲಿರುವ ಅತಿನೇರಳೆ (ಯುವಿ) ಕಿರಣ ಎಷ್ಟು ತೀಕ್ಷ್ಣ ಎಂಬ ಅಂಕಿಯನ್ನೂ, ಬರೆಯುತ್ತಿದ್ದೇನೆ. ನೆರಳು ಪರದೆ ಯಾವಾಗ ಕಟ್ಟಬೇಕು, ಯಾವಾಗ ಬಿಚ್ಚಬೇಕು, ಸಸಿಗಳನ್ನು ಯಾವ ವಾರ ಬಯಲಿಗೆ ತರಬೇಕು, ಕೆಲಸದವರು ಎಷ್ಟು ಹೊತ್ತಿಗೆ ಹೊಲದಿಂದ ಹೊರಗೆ ಬರಬೇಕು ಎಂಬುದನ್ನೆಲ್ಲ ಈಗ ಎರಡೂ ಅಂಕಣ ನೋಡಿಯೇ ನಿರ್ಧರಿಸುತ್ತೇನೆ.

ಸೆಕೆಯೂ ಅತಿನೇರಳೆ ಕಿರಣವೂ ಒಂದೇ ಸೂರ್ಯನಿಂದ ಬಂದರೂ ಜೊತೆಯಾಗಿ ಏರಿಳಿಯುವುದಿಲ್ಲ. ಸೂರ್ಯ ನೆತ್ತಿಯ ಮೇಲಿರುವಾಗ ಅತಿನೇರಳೆ ಅತಿ ಹೆಚ್ಚು. ಗಾಳಿ ಅತಿ ಹೆಚ್ಚು ಕಾಯುವುದು ಅದಾಗಿ ಎರಡು ಮೂರು ಗಂಟೆಗಳ ನಂತರ. ತಂಗಾಳಿ ಬೀಸುವ ದಿನ ಮೈಗೆ ಹಿತವಾಗಿದ್ದರೂ ಸೂಚ್ಯಂಕ 10 ಇರಬಹುದು. ತೆಳು ಮೋಡ ಮುಸುಕಿದರೆ ಸೆಕೆ ತಗ್ಗಿದಂತೆ ಅನಿಸುತ್ತದೆ, ಆದರೆ ಅತಿನೇರಳೆಯ ಬಹುಪಾಲು ಅದನ್ನು ದಾಟಿ ಬರುತ್ತದೆ. ಎತ್ತರದ ಪ್ರದೇಶಗಳಲ್ಲಿ ಗಾಳಿ ತಂಪು, ಆದರೆ ಪ್ರತಿ 1000 ಮೀಟರಿಗೆ ಅತಿನೇರಳೆ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ. ಚರ್ಮಕ್ಕೆ ಬಿಸಿಯೆನಿಸುವುದು ಅವಗೆಂಪು ಕಿರಣ ಮತ್ತು ಕಣ್ಣಿಗೆ ಕಾಣುವ ಬೆಳಕು. 400 ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳು ಬಿದ್ದದ್ದು ನಮ್ಮ ಮೈಗೆ ತಿಳಿಯುವುದೇ ಇಲ್ಲ. ಗಂಟೆಗಳು ಕಳೆದು ಚರ್ಮ ಕೆಂಪಾದಾಗಲಷ್ಟೇ ಗೊತ್ತಾಗುತ್ತದೆ. ಹಾಗಾಗಿ ಇದನ್ನು ಅನುಭವದ ಮೇಲೆ ಅಂದಾಜು ಮಾಡಲು ಬರುವುದಿಲ್ಲ, ಅಂಕಿ ನೋಡಲೇಬೇಕು. ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು, 8 ಮುಟ್ಟಿದರೆ ಅತಿ ಹೆಚ್ಚು, 11 ಮತ್ತು ಅದರ ಮೇಲೆ ವಿಪರೀತ. ಹವಾಮಾನದ ಆ್ಯಪ್‌ಗಳಲ್ಲಿ ಇದು ಸುಲಭವಾಗಿ ಸಿಗುತ್ತದೆ. ಮೊಬೈಲ್ ಕೈಯಲ್ಲಿಲ್ಲದಾಗ ನನ್ನ ನೆರಳನ್ನೇ ನೋಡಿಕೊಳ್ಳುತ್ತೇನೆ. ಅದು ನನ್ನ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಕಿರಣ ತೀಕ್ಷ್ಣವಾಗಿದೆ ಎಂದೇ ಅರ್ಥ.

ಈ ಎರಡರ ವ್ಯತ್ಯಾಸ ನನಗೆ ಚೆನ್ನಾಗಿ ಮನದಟ್ಟಾದದ್ದು ಸಸಿಮಡಿಯಲ್ಲಿ. ಪಾಲಿಹೌಸಿನ ಹೊದಿಕೆಗಳಲ್ಲಿ ಅತಿನೇರಳೆಯನ್ನು ಒಳಗೆ ಬಿಡುವ ಬಗೆ, ತಡೆಯುವ ಬಗೆ ಎಂದು ಎರಡಿವೆ. ನಾನು ಸಸಿ ಬೆಳೆಸುವುದು ತಡೆಯುವ ಹಾಳೆಯ ಕೆಳಗೆ. ಕಾರಣ ಬಿಳಿನೊಣ. ಬಿಳಿನೊಣ, ಥ್ರಿಪ್ಸ್‌ನಂಥ ಕೀಟಗಳು ದಾರಿ ಹುಡುಕಲು ಅತಿನೇರಳೆ ಬೆಳಕನ್ನು ಬಳಸುತ್ತವೆ. ಆ ಬೆಳಕಿಲ್ಲದ ಪಾಲಿಹೌಸಿನೊಳಗೆ ಅವು ಬರುವುದೂ ಹರಡುವುದೂ ಕಡಿಮೆಯಾದ್ದರಿಂದ ಬಿಳಿನೊಣ ತರುವ ಟೊಮೆಟೊ ಎಲೆ ಮುದುಡು ನಂಜುರೋಗದ ಭಯ ಅಷ್ಟಕ್ಕಷ್ಟೇ. ಆದರೆ ಅದೇ ಹಾಳೆ ಸಸಿಗಳನ್ನು ಮೆತ್ತಗೂ ಮಾಡುತ್ತದೆ. ಕಾಂಡ ನೀಳ, ಗಿಣ್ಣುಗಳ ನಡುವೆ ಹೆಚ್ಚು ಅಂತರ, ಎಲೆ ತೆಳು. ಸಸ್ಯದೊಳಗೆ ಯುವಿಆರ್8 ಎಂಬ ಒಂದು ಪ್ರೋಟೀನು ಇದೆ. ಅತಿನೇರಳೆಯಲ್ಲಿ ಕಿರಿದಾದ ಅಲೆಯ ಬಗೆಯಾದ ಯುವಿ-ಬಿ ಕಿರಣವನ್ನು ಗ್ರಹಿಸುವುದು ಅದೇ ಎಂದು ವಿಜ್ಞಾನಿಗಳು 2011ರಲ್ಲಿ ತೋರಿಸಿಕೊಟ್ಟರು. ಕಿರಣ ತಾಗಿದೊಡನೆ ಜೋಡಿಯಾಗಿದ್ದ ಅದರ ಅಣುಗಳು ಬಿಡಿಯಾಗಿ, ಎಲೆಯ ಹೊರಪದರದಲ್ಲಿ ಫ್ಲೇವನಾಯ್ಡ್ ಎಂಬ ವಸ್ತುಗಳನ್ನು ತುಂಬಿಸಿಕೊಳ್ಳುವಂತೆ ಸೂಚನೆ ಹೋಗುತ್ತದೆ. ಈ ಫ್ಲೇವನಾಯ್ಡ್‌ಗಳೇ ಒಳಗಿನ ಜೀವಕೋಶಗಳಿಗೆ ಕೊಡೆ. ಯುವಿ-ಬಿ ಕಂಡೇ ಇರದ ಸಸಿಗೆ ಈ ಕೊಡೆ ಸಾಕಷ್ಟು ಮೂಡಿರುವುದಿಲ್ಲ. ಪಾಲಿಹೌಸಿನಿಂದ ತಂದ ದಿನವೇ ಬಯಲಲ್ಲಿ ನೆಟ್ಟರೆ ಎಲೆ ಬೆಳ್ಳಗೆ ಬೆಂದಂತಾಗುವುದಕ್ಕೆ ಇದೂ ಒಂದು ಕಾರಣ. ನೀರು ಸಾಲದೆ ಎನ್ನುವುದೊಂದೇ ಅಲ್ಲ.

ಆದ್ದರಿಂದ ನಾಟಿಗೆ ಮುಂಚೆ ವಾರ-ಹತ್ತು ದಿನ ಸಸಿಗಳನ್ನು ಹೊರಗೆ ಪಳಗಿಸುತ್ತೇನೆ. ಮೊದಮೊದಲು ಬೆಳಗಿನ ಎಳೆ ಬಿಸಿಲು, ಆಮೇಲೆ ತೆಳು ಪರದೆಯ ಕೆಳಗೆ ಮಧ್ಯಾಹ್ನ, ಕೊನೆಗೆ ಪೂರ್ತಿ ಬಯಲು. ಆರಂಭದ ದಿನಗಳಿಗೆ ಸೂಚ್ಯಂಕ ಕಡಿಮೆ ಇರುವ ವಾರವನ್ನೇ ಆರಿಸಿಕೊಳ್ಳುತ್ತೇನೆ, ಸೆಕೆ ಎಷ್ಟೇ ಇರಲಿ. ಸೆಕೆಗೆ ನೀರು ಕೊಟ್ಟು ಸರಿದೂಗಿಸಬಹುದು, ಅತಿನೇರಳೆಗೆ ಆ ದಾರಿಯಿಲ್ಲ. ಪರದೆ ತೆಳುವಾಗಿರಲಿ ಎಂದು ಹಟ ಹಿಡಿಯುವುದಕ್ಕೂ ಕಾರಣವಿದೆ. ಯುವಿ-ಬಿ ಸಸ್ಯದ ಡಿಎನ್‌ಎಗೆ ಹಾನಿ ಮಾಡುತ್ತದೆ. ಅದನ್ನು ರಿಪೇರಿ ಮಾಡುವ ಫೋಟೊಲಯೇಸ್ ಎಂಬ ಕಿಣ್ವ ಕೆಲಸ ಮಾಡಬೇಕಾದರೆ ನೀಲಿ ಬೆಳಕು ಅಥವಾ ಉದ್ದ ಅಲೆಯ ಅತಿನೇರಳೆಯಾದ ಯುವಿ-ಎ ಬೇಕು. ಕತ್ತಲು ಕವಿಯುವಷ್ಟು ದಟ್ಟ ನೆರಳು ಕಟ್ಟಿದರೆ ಸಸಿಯ ಸ್ವಂತ ಚಿಕಿತ್ಸೆಗೇ ಅಡ್ಡಿ.

ಸೌತೆ, ಕಲ್ಲಂಗಡಿಯಂಥ ಬೆಳೆಗಳಿಗೆ ಆ ತಡೆಯುವ ಹಾಳೆಯನ್ನು ನಾನು ಬಳಸುವುದಿಲ್ಲ. ಪರಾಗಸ್ಪರ್ಶಕ್ಕೆ ಬರುವ ಜೇನುನೊಣಗಳಿಗೂ ಅತಿನೇರಳೆ ಕಾಣಬೇಕು.

ಕಾಯಿ ಹಂತಕ್ಕೆ ಬಂದಾಗ ಲೆಕ್ಕ ಬದಲಾಗುತ್ತದೆ, ಅಲ್ಲಿ ಉಷ್ಣತೆಯದೇ ಮೇಲುಗೈ. ಹಗಲು 32 ಡಿಗ್ರಿ ಸೆಲ್ಸಿಯಸ್ ದಾಟಿ ರಾತ್ರಿಯೂ ತಣಿಯದಿದ್ದರೆ ಟೊಮೆಟೊ ಪರಾಗ ಸೊರಗಿ ಹೂ ಉದುರುತ್ತದೆ. ಹಣ್ಣಿಗೆ ಕೆಂಪು ಕೊಡುವ ಲೈಕೊಪೀನ್ ಕೂಡ ಸುಮಾರು ಅದೇ ಮಟ್ಟದಲ್ಲಿ ಕುಂಠಿತವಾಗಿ ಹಣ್ಣು ಹಳದಿ ಮಿಶ್ರಿತ ಕಿತ್ತಳೆಯಲ್ಲೇ ನಿಂತುಬಿಡುತ್ತದೆ. ಬಿಸಿಲುಗಾಯ ಬೀಳುವುದನ್ನು ಗಾಳಿಯ ಉಷ್ಣತೆ ನೋಡಿ ಊಹಿಸಲಾಗದು. ನೇರ ಬಿಸಿಲಿಗೆ ಒಡ್ಡಿದ ಹಣ್ಣಿನ ಮೇಲ್ಮೈ ಗಾಳಿಗಿಂತ 10 ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾದಿರುತ್ತದೆ. ಮುಟ್ಟದೆ ಅಳೆಯುವ ಅವಗೆಂಪು ಥರ್ಮಾಮೀಟರನ್ನು ಹಣ್ಣಿನ ಹೆಗಲಿಗೆ ಹಿಡಿದು 40ರ ಮೇಲೆ ತೋರಿಸಿದರೆ ಪರದೆ ಹಾಕಿಸುತ್ತೇನೆ. ಸೇಬು ಬೆಳೆಯುವವರಿಗೆ ಇದು ಇನ್ನೂ ಸ್ಪಷ್ಟವಾಗಿ ಗೊತ್ತು. ಸೇಬಿನ ಮೇಲ್ಮೈ 52 ಡಿಗ್ರಿ ಮುಟ್ಟಿದರೆ ಬಿಸಿಯೊಂದರಿಂದಲೇ ಸಿಪ್ಪೆ ಸಾಯುತ್ತದೆ. 46ರಿಂದ 49ರ ನಡುವೆ ಕಂದು ಕಲೆ ಬೀಳಬೇಕಾದರೆ ಬಿಸಿಯ ಜೊತೆ ಬೆಳಕೂ ತಾಗಿರಬೇಕು. ಶೇಕಡಾ 35ರಷ್ಟು ಬೆಳಕು ತಡೆಯುವ ಪರದೆಯನ್ನೂ 50ರಷ್ಟು ತಡೆಯುವ ಪರದೆಯನ್ನೂ ಅಕ್ಕಪಕ್ಕದ ಸಾಲುಗಳಲ್ಲಿ ಕಟ್ಟಿ ನೋಡಿದ್ದೇನೆ. ಟೊಮೆಟೊಗೆ 35 ಸಾಕು. 50ರ ಕೆಳಗೆ ಗಿಡ ಎತ್ತರಕ್ಕೆ ಓಡಿತು, ಹೂ ಕಡಿಮೆಯಾಯಿತು. ದೊಣ್ಣೆಮೆಣಸು ಹೆಚ್ಚು ನೆರಳನ್ನು ತಾಳಿಕೊಂಡಿತು.

ಜೈವಿಕ ಔಷಧ ಬಳಸುವವರು ಸೂಚ್ಯಂಕದ ಅಂಕಣವನ್ನು ಬಿಡಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕಾಯಿಕೊರಕಕ್ಕೆ ಸಿಂಪಡಿಸುವ ಎನ್‌ಪಿವಿ ವೈರಾಣು, ಬಿಟಿ ಬ್ಯಾಕ್ಟೀರಿಯಾ, ಬ್ಯುವೇರಿಯಾ ಶಿಲೀಂಧ್ರ ಇವೆಲ್ಲ ಅತಿನೇರಳೆಗೆ ಬೇಗ ನಿರ್ವೀರ್ಯವಾಗುತ್ತವೆ. ಔಷಧ ಕೆಲಸ ಮಾಡಲಿಲ್ಲ ಎಂಬ ದೂರನ್ನು ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು ಯಾವ ಹೊತ್ತಿಗೆ ಹೊಡೆದಿರಿ ಎಂದೇ. ಸಂಜೆ ಹೊತ್ತು, ಎಲೆಯ ಅಡಿಭಾಗಕ್ಕೂ ತಾಗುವಂತೆ ಹೊಡೆದರೆ ಒಂದಿಡೀ ರಾತ್ರಿ ಅವಕ್ಕೆ ಸಿಗುತ್ತದೆ.

ಇನ್ನೊಂದು ಹಾನಿ ಸುತ್ತುಬಳಸಿ ಬರುತ್ತದೆ. ವಾಹನಗಳ ಮತ್ತು ಕಾರ್ಖಾನೆಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು ಹಾಗೂ ಇಂಗಾಲವುಳ್ಳ ಆವಿಗಳ ಮೇಲೆ ಬಿಸಿಲು ಬಿದ್ದಾಗ ನೆಲಮಟ್ಟದಲ್ಲಿ ಓಝೋನ್ ಹುಟ್ಟುತ್ತದೆ. ಗಾಳಿಯಾಡದ, ಕಡು ಬಿಸಿಲಿನ ಮಧ್ಯಾಹ್ನಗಳಲ್ಲಿ ಇದು ಹೆಚ್ಚು; ಹವೆ ಬಿಸಿಯಾದಷ್ಟೂ ಇಂಥ ದಿನಗಳೂ ಹೆಚ್ಚು. ಮೇಲಿನ ವಾಯುಮಂಡಲದಲ್ಲಿ ನಮ್ಮನ್ನು ಕಾಯುವ ಅನಿಲವೇ ಕೆಳಗೆ ಎಲೆಯ ರಂಧ್ರಗಳಿಂದ ಒಳಹೊಕ್ಕು ಜೀವಕೋಶ ಕೊಲ್ಲುತ್ತದೆ. ಹುರುಳಿಕಾಯಿಯ ಬಲಿತ ಎಲೆಗಳಲ್ಲಿ ನರಗಳ ನಡುವೆ, ಮೇಲ್ಭಾಗದಲ್ಲಿ ಮಾತ್ರ ಕಂಚಿನ ಬಣ್ಣದ ಸಣ್ಣ ಚುಕ್ಕೆಗಳು ಕಂಡರೆ ಎಲೆ ಮಗುಚಿ ನೋಡುತ್ತೇನೆ. ಅಡಿಯಲ್ಲಿ ನುಸಿಯಾಗಲಿ ಬಲೆಯಾಗಲಿ ಇಲ್ಲದಿದ್ದರೆ ಓಝೋನಿನ ಅನುಮಾನ ಬರುತ್ತದೆ, ಸುಮ್ಮನೆ ನುಸಿನಾಶಕ ಹೊಡೆಯುವುದು ತಪ್ಪುತ್ತದೆ. ಅಂಥ ಮಧ್ಯಾಹ್ನ ಆಸ್ತಮಾ ಇರುವವರನ್ನು ಭಾರದ ಕೆಲಸಕ್ಕೆ ಹಚ್ಚುವುದಿಲ್ಲ.

ಬೆಳೆಗೆ ಇಷ್ಟೆಲ್ಲ ಮಾಡಿ, ಅದರ ನಡುವೆ ದಿನವಿಡೀ ಬಾಗಿ ದುಡಿಯುವವರ ಬೆನ್ನು, ಕತ್ತು, ಕಣ್ಣುಗಳ ಬಗ್ಗೆ ಯೋಚಿಸದಿರುವುದು ಅನ್ಯಾಯ. ಬಯಲಲ್ಲಿ ಬಿಸಿಲಿಗೆ ದುಡಿಯುವವರ ಕುರಿತು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಸೇರಿ 2023ರಲ್ಲಿ ಅಂದಾಜು ಪ್ರಕಟಿಸಿದವು. ಮೆಲನೋಮ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ಅಲ್ಲದ ಚರ್ಮದ ಕ್ಯಾನ್ಸರ್‌ನಿಂದಾಗುವ ಸಾವುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದಕ್ಕೆ ಈ ದುಡಿಮೆಯೇ ಕಾರಣವೆಂದು ಅದು ಹೇಳುತ್ತದೆ. ಕಪ್ಪು ಚರ್ಮಕ್ಕೆ ಮೆಲನಿನ್ ರಕ್ಷಣೆ ಹೆಚ್ಚು, ನಿಜ. ಕಣ್ಣಿಗೆ ಆ ರಿಯಾಯಿತಿ ಇಲ್ಲ.

ಉಡುಪಿನ ವಿಚಾರದಲ್ಲಿ ಸೆಕೆಗೂ ಅತಿನೇರಳೆಗೂ ಜಗಳ ಬೀಳುತ್ತದೆ. ಸೆಕೆಗೆ ತೋಳು ಮಡಚಬೇಕೆನಿಸುತ್ತದೆ, ಕಿರಣಕ್ಕೆ ತೋಳು ಮುಚ್ಚಬೇಕು. ಒತ್ತಾದ ನೇಯ್ಗೆಯ, ಸಡಿಲವಾದ ತುಂಬುತೋಳಿನ ಅಂಗಿ ನಾವು ಕಂಡುಕೊಂಡ ಪರಿಹಾರ. ಬೆವರಿಗೆ ತೊಯ್ದ ಹತ್ತಿಬಟ್ಟೆ ಒಣ ಬಟ್ಟೆಗಿಂತ ಹೆಚ್ಚು ಕಿರಣವನ್ನು ಒಳಬಿಡುವುದರಿಂದ ಬದಲಿಗೆ ಇನ್ನೊಂದು ಅಂಗಿ ಇರಿಸಿಕೊಳ್ಳುವಂತೆ ಎಲ್ಲರಿಗೂ ಹೇಳಿದ್ದೇನೆ. ಮುಂದೆ ಮಾತ್ರ ಅಂಚಿರುವ ಟೋಪಿ ಕಿವಿಯನ್ನೂ ಕತ್ತನ್ನೂ ಕಾಯುವುದಿಲ್ಲ, ಸುತ್ತಲೂ ಅಂಚು ಬೇಕು. ಮಧ್ಯಾಹ್ನದ ಮೂರು ನಾಲ್ಕು ಗಂಟೆ ಬಯಲಿನ ಕೆಲಸ ನಿಲ್ಲಿಸಿ ವಿಂಗಡಣೆ, ಪ್ಯಾಕಿಂಗ್ ಮಾಡುತ್ತೇವೆ. ಸೆಲರಿ ಕೊಯ್ಯುವ ದಿನ ಕೈಗವಸು ಕಡ್ಡಾಯ. ಅದರ ರಸದಲ್ಲಿರುವ ಫ್ಯುರಾನೊಕೌಮರಿನ್ ಚರ್ಮಕ್ಕೆ ತಾಗಿ ಮೇಲೆ ಯುವಿ-ಎ ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೂ ಬಿಸಿಲು ಬೇಗ ಸುಡುತ್ತದೆ; ಅಂಥವರು ಮೊದಲೇ ತಿಳಿಸಿದರೆ ನೆರಳಿನ ಕೆಲಸ ಕೊಡುತ್ತೇನೆ.

ಹೆಚ್ಚು ಕಷ್ಟವಾದದ್ದು ಕನ್ನಡಕದ ಅಭ್ಯಾಸ. ವರ್ಷಗಟ್ಟಲೆ ಬಿದ್ದ ಅತಿನೇರಳೆ ಕಣ್ಣಿನ ಪೊರೆಗೂ, ಬಿಳಿಗುಡ್ಡೆಯಿಂದ ಕರಿಗುಡ್ಡೆಯತ್ತ ಮಾಂಸ ಬೆಳೆಯುವ ತೊಂದರೆಗೂ ದಾರಿ ಮಾಡುತ್ತದೆ. ಕಪ್ಪು ಗಾಜಿನ ಕನ್ನಡಕ ಕೊಟ್ಟರೆ ಕೊಯ್ಲಿನವರು ತೆಗೆದಿಡುತ್ತಿದ್ದರು, ಏಕೆಂದರೆ ಹಣ್ಣಿನ ಬಣ್ಣ ತಿಳಿಯುವುದಿಲ್ಲ. ಅತಿನೇರಳೆ ತಡೆಯುವ ಗುಣಕ್ಕೂ ಗಾಜಿನ ಕಪ್ಪಿಗೂ ಸಂಬಂಧವಿಲ್ಲ. ಬಣ್ಣವಿಲ್ಲದ ಪಾಲಿಕಾರ್ಬೊನೇಟ್ ಕನ್ನಡಕವೇ ಬಹುತೇಕ ಎಲ್ಲ ಅತಿನೇರಳೆಯನ್ನು ತಡೆಯುತ್ತದೆ. ಬದಿಗಳೂ ಮುಚ್ಚುವ ಅಂಥ ಕನ್ನಡಕ ತರಿಸಿ, ಬೆವರಿಗೆ ಜಾರದಂತೆ ದಾರ ಕಟ್ಟಿ ಕೊಟ್ಟಿದ್ದೇನೆ. ಈಗ ಕೊಯ್ಲಿನ ಸಾಲಿನಲ್ಲಿ ಹೆಚ್ಚಿನವರು ಅದನ್ನು ಹಾಕಿಕೊಂಡೇ ಇಳಿಯುತ್ತಾರೆ.