ಸಾರ್ವತ್ರಿಕ ಮೂಲ ಆದಾಯ: ಯೋಜನೆಯನ್ನು ತೂಗಿ ನೋಡುವುದು ಹೇಗೆ?

ಬಡವ, ಬಲ್ಲಿದ ಎನ್ನದೆ, ಕೆಲಸವಿದೆಯೇ ಎಂದು ಕೇಳದೆ, ಪ್ರತಿಯೊಬ್ಬರಿಗೂ ಸರ್ಕಾರ ತಿಂಗಳು ತಿಂಗಳು ಹಣ ಕೊಡುವುದೇ ಸಾರ್ವತ್ರಿಕ ಮೂಲ ಆದಾಯ. ಮೊತ್ತ ಎಷ್ಟು, ದುಡ್ಡು ಎಲ್ಲಿಂದ, ಅದಕ್ಕಾಗಿ ಯಾವುದಕ್ಕೆ ಕತ್ತರಿ ಎಂಬುದು ತಿಳಿಯದೆ ಇದರ ಗುಣದೋಷ ಹೇಳಲಾಗದು.

1. ಯಾರಿಗೆ, ಎಷ್ಟು ಸಲ ಎಂದು ನೋಡಿ
ಫಿನ್‌ಲೆಂಡ್ 2017–18ರಲ್ಲಿ ತಿಂಗಳಿಗೆ 560 ಯೂರೋ ಕೊಟ್ಟದ್ದು 2,000 ನಿರುದ್ಯೋಗಿಗಳಿಗೆ ಮಾತ್ರ. ಅಮೆರಿಕದ ಅಲಾಸ್ಕಾ ರಾಜ್ಯ 1982ರಿಂದ ತನ್ನ ತೈಲ ಆದಾಯದಿಂದ ಕಟ್ಟಿದ ನಿಧಿಯ ಲಾಭಾಂಶವನ್ನು ಮಕ್ಕಳಿಗೂ ಹಂಚುತ್ತಿದೆ. ಆದರೆ ವರ್ಷಕ್ಕೊಮ್ಮೆ, ಅದರಿಂದಲೇ ಬದುಕು ಸಾಗದು. ಎರಡೂ ಪೂರ್ಣ ಅರ್ಥದಲ್ಲಿ ಮೂಲ ಆದಾಯವಲ್ಲ.

2. ನಿವ್ವಳ ವೆಚ್ಚ ಲೆಕ್ಕ ಹಾಕಿ
ಹೆಚ್ಚಿನವರು ಎಡವುವುದು ಇಲ್ಲೇ. ತಲಾ ಸರಾಸರಿ ಆದಾಯ ತಿಂಗಳಿಗೆ 4,000, ಮೂಲ ಆದಾಯ 1,000 ಎಂದುಕೊಳ್ಳಿ. ಅದಕ್ಕಾಗಿ ಎಲ್ಲರ ಗಳಿಕೆಯ ಮೇಲೂ ಶೇ 25ರಷ್ಟು ಹೊಸ ತೆರಿಗೆ ಬಿದ್ದರೆ ಜಮಾ, ಖರ್ಚು ಸರಿಹೋಗುತ್ತದೆ. 2,000 ಗಳಿಸುವವರು 500 ಕಟ್ಟಿ 1,000 ಪಡೆಯುತ್ತಾರೆ. ಕೈಗೆ ಉಳಿಯುವ ಲಾಭ 500. 4,000 ಗಳಿಸುವವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 8,000 ಗಳಿಸುವವರು 2,000 ಕಟ್ಟಿ 1,000 ಕಳೆದುಕೊಳ್ಳುತ್ತಾರೆ. ಹಾಗಾಗಿ ‘ಶ್ರೀಮಂತರಿಗೂ ದುಡ್ಡು ಯಾಕೆ?’ ಎಂಬ ಆಕ್ಷೇಪದಲ್ಲಿ ಹುರುಳು ಕಡಿಮೆ. ಒಟ್ಟು ವೆಚ್ಚವನ್ನೇ ತೋರಿಸಿ ಹೆದರಿಸುವುದೂ ಸರಿಯಲ್ಲ. ಆದರೆ ಆ ಶೇ 25 ಈಗಿರುವ ತೆರಿಗೆಯ ಮೇಲೆ ಬೀಳುವ ಹೊರೆ ಎಂಬುದನ್ನು ಬೆಂಬಲಿಗರೂ ಮುಚ್ಚಿಡಬಾರದು.

3. ಈಗಿರುವ ನೆರವಿನ ಜೊತೆ ಹೋಲಿಸಿ
ಬಡವರನ್ನಷ್ಟೇ ಆರಿಸಿ ಕೊಡುವಾಗ ಅರ್ಜಿ, ದಾಖಲೆ, ತಪಾಸಣೆಗಳ ನಡುವೆ ನಿಜವಾಗಿ ಕಷ್ಟದಲ್ಲಿರುವವರೇ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ಇನ್ನೊಂದು ತೊಡಕು: 1,000 ದುಡಿದ ಕೂಡಲೇ 1,000ದ ನೆರವು ನಿಂತರೆ ದುಡಿದೂ ಫಲವಿಲ್ಲ. ಮೂಲ ಆದಾಯದಲ್ಲಿ ಈ ಬಲೆ ಇಲ್ಲ. ನಮ್ಮ ಮಟ್ಟಿಗೆ ಇದರ ಅತಿ ದೊಡ್ಡ ಗುಣ ಇದೇ.

4. ಕತ್ತರಿ ಎಲ್ಲಿ ಬೀಳುತ್ತದೆ, ಹುಡುಕಿ
ಅಂಗವಿಕಲರಿಗೆ, ದೀರ್ಘಕಾಲದ ರೋಗಿಗಳಿಗೆ ಖರ್ಚು ಹೆಚ್ಚು. ಅವರ ವಿಶೇಷ ಭತ್ಯೆ ಕಿತ್ತು ಎಲ್ಲರಿಗೂ ಸಮನಾಗಿ ಹಂಚಿದರೆ ಅವರು ಮೊದಲಿಗಿಂತ ಬಡವರಾಗುತ್ತಾರೆ. ಇಂಥ ಪ್ರಸ್ತಾವವನ್ನು ಖಂಡಿತ ಒಪ್ಪಬೇಡಿ.

5. ಬೆಲೆ ಏರಿದಂತೆ ಮೊತ್ತ ಏರುತ್ತದೆಯೇ?
ಇರಾನ್ 2010ರ ಕೊನೆಯಲ್ಲಿ ಇಂಧನ ಸಬ್ಸಿಡಿ ತಗ್ಗಿಸಿ, ತಲಾ ತಿಂಗಳಿಗೆ 4,55,000 ರಿಯಾಲ್ ಕೊಡತೊಡಗಿತು. ಮೊತ್ತ ವರ್ಷಗಟ್ಟಲೆ ಬದಲಾಗಲಿಲ್ಲ, ಹಣದುಬ್ಬರ ಅದರ ಬೆಲೆಯನ್ನು ತಿಂದುಹಾಕಿತು. ಪರಿಷ್ಕರಣೆಯ ಸೂತ್ರ ಕಾನೂನಿನಲ್ಲೇ ಇರಬೇಕು.

6. ಪ್ರಯೋಗಗಳನ್ನು ಎಚ್ಚರದಿಂದ ಓದಿ
ದುಡ್ಡು ಬಂದರೆ ಜನ ಸೋಮಾರಿಗಳಾಗುತ್ತಾರೆ ಎಂಬ ಭಯಕ್ಕೆ ಫಿನ್‌ಲೆಂಡ್‌ನಲ್ಲಿ ಪುರಾವೆ ಸಿಗಲಿಲ್ಲ. ಉದ್ಯೋಗದಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ, ಮಾನಸಿಕ ಒತ್ತಡ ಕಡಿಮೆಯಿತ್ತು. ಆದರೆ ಎರಡು ವರ್ಷಕ್ಕೆ ನಿಲ್ಲುವ ಹಣವನ್ನು ನಂಬಿ ಹೆಚ್ಚಿನವರು ಕೆಲಸ ಹುಡುಕುವುದನ್ನು ಬಿಡಲಿಕ್ಕಿಲ್ಲ. ಅಲ್ಲದೆ, ಅಲ್ಲಿ ಪರೀಕ್ಷೆಯಾದದ್ದು ಕೊಡುವ ಭಾಗ ಮಾತ್ರ. ಅದಕ್ಕೆ ಬೇಕಾದ ಹೊಸ ತೆರಿಗೆಯನ್ನು ಯಾರ ಮೇಲೂ ಹಾಕಿರಲಿಲ್ಲ.