ಪ್ರೌಢಶಾಲೆ ಮಕ್ಕಳ ಊಟದ ಡಬ್ಬಿ: ಸಿದ್ಧತೆ ಹಿಂದಿನ ರಾತ್ರಿಯಿಂದಲೇ

ಎಂಟರಿಂದ ಹತ್ತನೇ ತರಗತಿಯ ಮಕ್ಕಳು ಬೆಳಿಗ್ಗೆ ಮನೆ ಬಿಟ್ಟರೆ ಮರಳುವುದು ಸಂಜೆಗೇ. ಮೈ ಭರದಿಂದ ಬೆಳೆಯುವ ಈ ವಯಸ್ಸಿನಲ್ಲಿ ಹಗಲಿನ ಆಹಾರ ಸೊರಗಿದರೆ ಅದನ್ನು ರಾತ್ರಿಯ ಒಂದು ಊಟದಲ್ಲಿ ತುಂಬಿಕೊಡಲಾಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು, ಹುಡುಗರಲ್ಲಿ ಶೇ 31ರಷ್ಟು ಮಂದಿಗೆ ರಕ್ತಹೀನತೆಯಿದೆ. ಪಾಠದ ನಡುವೆ ತೂಕಡಿಸುವ, ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ಮಗಳನ್ನು ಸೋಮಾರಿ ಎಂದು ಗದರುವ ಮೊದಲು ಅವಳ ಡಬ್ಬಿಯನ್ನೊಮ್ಮೆ ನೋಡಬೇಕು.

ಕೆಲಸ ಶುರುವಾಗುವುದು ಹಿಂದಿನ ರಾತ್ರಿ. ಊಟವಾದ ಮೇಲೆ ಒಂದು ಹಿಡಿ ಹೆಸರುಕಾಳನ್ನೋ ಕಡಲೆಕಾಳನ್ನೋ ನೆನೆಹಾಕಿ. ಮೊಳಕೆ ಬೇಕಿದ್ದರೆ ಇನ್ನೂ ಒಂದು ದಿನ ಮೊದಲೇ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಬೇಕು. ಡಬ್ಬಿಗೆ ಹಾಕುವ ಮೊಳಕೆಯನ್ನು ಬೇಯಿಸಿಯೇ ಒಗ್ಗರಣೆ ಕೊಡಿ. ಸೆಕೆಯಲ್ಲಿ ನಾಲ್ಕೈದು ಗಂಟೆ ಮುಚ್ಚಿಟ್ಟ ಹಸಿ ಮೊಳಕೆಯಲ್ಲಿ ರೋಗಾಣುಗಳು ಬೇಗ ಹೆಚ್ಚುತ್ತವೆ.

ಬೆಳಿಗ್ಗೆ ಬರೀ ಕಾಫಿ ಕುಡಿದು ಓಡುವ ಅಭ್ಯಾಸವನ್ನು ಮೊದಲು ಬಿಡಿಸಿ. ತಿಂಡಿಗೆ ಪುರಸೊತ್ತಿಲ್ಲದ ದಿನ, ರಾತ್ರಿಯೇ ಕಾಯಿಸಿಟ್ಟ ರಾಗಿ ಅಂಬಲಿಗೆ ಮಜ್ಜಿಗೆ, ಉಪ್ಪು ಬೆರೆಸಿ ಒಂದು ದೊಡ್ಡ ಲೋಟ ಕೊಟ್ಟರೂ ಸಾಕು. ಈ ವಯಸ್ಸಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇರುತ್ತದೆ.

ಹನ್ನೊಂದರ ಬಿಡುವಿಗೆ ಹುರಿದ ಶೇಂಗಾ, ಚಿಕ್ಕಿ ಅಥವಾ ಒಂದು ಬಾಳೆಹಣ್ಣು ಸಾಕು.

ಮಧ್ಯಾಹ್ನದ ಡಬ್ಬಿಯದೇ ಮುಖ್ಯ ವಿಚಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 13ರಿಂದ 15ರ ಹುಡುಗರಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣಾಂಶ ಬೇಕಾದರೆ, ಮುಟ್ಟಿನಲ್ಲಿ ರಕ್ತ ಕಳೆದುಕೊಳ್ಳುವ ಹುಡುಗಿಯರಿಗೆ 30 ಬೇಕು. ಸೊಪ್ಪು, ಕಾಳುಗಳ ಕಬ್ಬಿಣಾಂಶ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಹತ್ತಬೇಕಾದರೆ ಅದೇ ಊಟದಲ್ಲಿ ಸಿ ಜೀವಸತ್ವ ಇರಬೇಕು. ಆದ್ದರಿಂದ ಚಪಾತಿ ಜೊತೆಗಿನ ಕಾಳುಪಲ್ಯದ ಪಕ್ಕದಲ್ಲಿ ಒಂದು ಹೋಳು ನಿಂಬೆಹಣ್ಣನ್ನು ಪುಟ್ಟ ಬಟ್ಟಲಲ್ಲಿಟ್ಟು, ತಿನ್ನುವಾಗಲೇ ಹಿಂಡಿಕೊಳ್ಳಲು ಹೇಳಿ. ಬಿಸಿ ಒಲೆಯ ಮೇಲೆ ಹಿಂಡಿದರೆ ಆ ಸತ್ವದ ಒಂದಷ್ಟು ಭಾಗ ಹಾಳಾಗುತ್ತದೆ. ಸೀಬೆಹಣ್ಣಿನ ಕಾಲದಲ್ಲಿ ನಿಂಬೆಯ ಬದಲು ಅರ್ಧ ಸೀಬೆ ಇನ್ನೂ ಒಳ್ಳೆಯದು. ಶಾಲೆಯ ಬಿಸಿಯೂಟ ಉಣ್ಣುವ ಮಕ್ಕಳೂ ಇವನ್ನು ಚೀಲದಲ್ಲಿ ಒಯ್ಯಬಹುದು. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ಊಟವಾದ ಮೇಲೆ ನುಂಗಲಿ. ಊಟದ ಆಚೀಚೆ ಒಂದು ಗಂಟೆ ಚಹಾ, ಕಾಫಿ ಬೇಡ.

ಮೊಸರನ್ನ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆಂದು ಮಕ್ಕಳು ಮೂಗು ಮುರಿಯುವುದುಂಟು. ಉಗುರುಬೆಚ್ಚಗಿನ ಅನ್ನವನ್ನು ಚೆನ್ನಾಗಿ ಹಿಸುಕಿ, ಕಾಯಿಸಿ ಆರಿಸಿದ ಹಾಲು ಧಾರಾಳವಾಗಿ ಬೆರೆಸಿ, ಒಂದೇ ಒಂದು ಚಮಚ ಮೊಸರು ಹಾಕಿ ಕಲಸಿ. ಬೆಳಿಗ್ಗೆ ಪಾಯಸದಂತೆ ತೆಳುವಾಗಿ ಕಂಡರೂ ಊಟದ ಗಂಟೆ ಹೊಡೆಯುವ ಹೊತ್ತಿಗೆ ಅದು ಡಬ್ಬಿಯೊಳಗೇ ಹದವಾಗಿ ಹೆಪ್ಪುಗಟ್ಟಿರುತ್ತದೆ. ಚಪಾತಿಯಾದರೆ ಆವಿ ಆರಿದ ಮೇಲೆಯೇ ಮುಚ್ಚಳ ಹಾಕಿ. ಇಲ್ಲವಾದರೆ ಬೆವರಿ ಅಂಟಂಟಾಗುತ್ತದೆ.

ನೀರಿನ ಬಗ್ಗೆ ಮಗಳೊಡನೆ ಬಿಚ್ಚಿ ಮಾತನಾಡಿ. ಶಾಲೆಯ ಶೌಚಾಲಯ ಶುಚಿಯಾಗಿಲ್ಲವೆಂದು ಇಡೀ ದಿನ ನೀರು ಕುಡಿಯದೆ ಉಳಿಯುವ ಹುಡುಗಿಯರಿದ್ದಾರೆ. ತಲೆನೋವು, ಉರಿಮೂತ್ರ ಬರುವುದು ಹೀಗೆಯೇ. ತುಂಬಿದ ಬಾಟಲಿ ಹಾಗೆಯೇ ಮರಳಿದರೆ ಮಗುವನ್ನು ಗದರದೆ, ಪೋಷಕರ ಸಭೆಯಲ್ಲಿ ಶೌಚಾಲಯದ ಮಾತೆತ್ತಿ.

ಸಂಜೆ ಹಸಿದು ಬರುವ ಮಕ್ಕಳು ಬೇಕರಿಯತ್ತ ತಿರುಗದಂತೆ ಒಗ್ಗರಣೆ ಅವಲಕ್ಕಿಯೋ ಬೇಯಿಸಿದ ಮೊಟ್ಟೆಯೋ ಸಿದ್ಧವಿರಲಿ. ಅವರು ತಿನ್ನುತ್ತಿರುವಾಗಲೇ ಡಬ್ಬಿ ತೆರೆದು ಏನು ಉಳಿದಿದೆ ನೋಡಿ, ಕಾರಣ ಕೇಳಿ, ನಾಳೆಯ ಕಾಳು ಯಾವುದೆಂದು ಅವರಿಂದಲೇ ಆರಿಸಿ ನೆನೆಹಾಕಿಸಿ.